ಲಗ್ನಸರಾಯಿ ಮುಗಿಯಿತು: ಮನೆಯಲ್ಲಿ ಹೊಲಿಯುವವರ ಕಡೆಯಿಂದ ಒಂದಿಷ್ಟು ಉಪಕಾರ ಸ್ಮರಣೆ

ಲಗ್ನಸರಾಯಿಯ, ಅಂದರೆ ಮದುವೆ ಹಂಗಾಮಿನ, ಸೀರೆಗೆ ತೊಡುವ ಜಂಪರ್‌ಗಳು ಮುಗಿದವು, ಶಾಲೆಯ ಯೂನಿಫಾರ್ಮ್‌ಗಳೂ ಮನೆ ಮುಟ್ಟಿದವು. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಮನೆಯಲ್ಲೇ ಹೊಲಿಯುವ ನಾವು ಹೆಚ್ಚಿನವರು ಅರವತ್ತರ ಆಚೀಚೆಯವರು. ಒಲೆ, ನಳ, ಮಷೀನು ಮೂರೂ ಈ ಸಲ ಒಟ್ಟಿಗೆ ನಡೆದದ್ದು ಯಾರ್ಯಾರ ಪುಣ್ಯದಿಂದ ಎಂಬುದನ್ನು ಹೆಸರು ಹಿಡಿಯದೆ, ಕೆಲಸ ಹಿಡಿದು ಹೇಳುತ್ತೇವೆ.

ಮೊದಲ ಉಪಕಾರ ಕುಕ್ಕರಿನ ಸೀಟಿ ಎಣಿಸಿದ ಮೊಮ್ಮಕ್ಕಳದು. ಮಷೀನಿನ ಸದ್ದಿನಲ್ಲಿ ಸೀಟಿ ಮುಳುಗಿಹೋಗುತ್ತದೆ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದೂ ಇಂಥ ಚೂಪು ದನಿಯೇ. "ಆಯೀ, ಮೂರಾದ್ವು" ಅಂತ ಕೂಗುವವರು ಮನೆಯಲ್ಲಿಲ್ಲದಿದ್ದರೆ ಮೊಬೈಲಿನಲ್ಲಿ ಟೈಮರ್ ಇಟ್ಟು ಮಷೀನಿನ ಹಲಗೆಯ ಮೇಲೇ ಇಟ್ಟುಕೊಳ್ಳಿ. ಬೇಳೆ ಬೇಯುವಾಗ ನಡುವೆ ಕೈಬಿಟ್ಟು ಏಳಬಹುದಾದ ಕೆಲಸವನ್ನೇ ಹಿಡಿಯಬೇಕು: ಹುಕ್ಕು, ಕಾಜಾ, ಹೆಮ್ಮಿಂಗ್, ಸೀರೆಯ ಫಾಲ್. ಬಟ್ಟೆ ಕತ್ತರಿಸುವುದು, ಕಾಲರ್, ತೋಳು ಕೂಡಿಸುವುದು ಇವಕ್ಕೆ ಒಲೆ ಆರಿಸಿಯೇ ಕೂಡಬೇಕು. ಜೋಳದ ರೊಟ್ಟಿಯ ಜೊತೆ ಯಾವ ಹೊಲಿಗೆಯೂ ಹೊಂದುವುದಿಲ್ಲ. ಬಿಸಿನೀರಿಗೆ ಹಾಕಿದ ಹಿಟ್ಟು ಆರುವ ಮೊದಲೇ ನಾದಿ ಬಡಿಯದಿದ್ದರೆ ಅಂಚು ಬಿರಿಯುತ್ತದೆ, ಹಿಟ್ಟಿನ ಕೈ ತಾಗಿದರೆ ಕಪ್ಪು ಬಟ್ಟೆ ಕೆಡುತ್ತದೆ. ನಳಕ್ಕೆ ನೀರು ಬರುವ ದಿನವಂತೂ ತುಂಬುವುದೇ ಕೆಲಸ, ಕತ್ತರಿ ಮುಟ್ಟುವುದೇ ಇಲ್ಲ. ಹೊಲಿಗೆಯ ನಡುವೆ ಏಳುವುದಾದರೆ ಚಕ್ರ ಕೈಯಿಂದ ತಿರುವಿ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಡಿ, ಬಟ್ಟೆ ಜರಗುವುದಿಲ್ಲ. ಮೋಟರ್ ಇದ್ದರೆ ಸ್ವಿಚ್ಚು ಆರಿಸಿ. ಇಸ್ತ್ರಿಯದನ್ನೂ.

ಎರಡನೆಯದು ಕಣ್ಣಿನದು. ಚಾಳೀಸದ (ಹತ್ತಿರದ್ದನ್ನು ನೋಡುವ ಕನ್ನಡಕದ) ನಂಬರನ್ನು ಸಾಮಾನ್ಯವಾಗಿ ಪುಸ್ತಕ ಹಿಡಿಯುವ ದೂರಕ್ಕೆ, ಅಂದರೆ ಸುಮಾರು 35-40 ಸೆಂ.ಮೀ.ಗೆ ನೋಡುತ್ತಾರೆ. ಮಷೀನಿನ ಮುಂದೆ ನೆಟ್ಟಗೆ ಕೂತರೆ ಸೂಜಿ ಅದಕ್ಕಿಂತ ದೂರವಿರುತ್ತದೆ. ಆಗ ನಾವು ಬಗ್ಗುತ್ತೇವೆ, ಕುತ್ತಿಗೆ ಹಿಡಿಯುತ್ತದೆ. "ಅಕ್ಕಾರ, ಟೇಪು ಹಿಡಿದು ಕಣ್ಣಿನಿಂದ ಸೂಜಿಗೆ ಎಷ್ಟಾಗತೈತಿ ಅಳತಿ ತರ್ರಿ" ಎಂದು ಹೇಳಿ, ಆ ಅಳತೆಗೇ ಚಾಳೀಸ ಮಾಡಿಕೊಟ್ಟ ಅಂಗಡಿಯವರಿಗೆ ನಮ್ಮ ಕುತ್ತಿಗೆಗಳು ಋಣಿ. ಬೈಫೋಕಲ್‌ನ ಕೆಳಗಿನ, ಹತ್ತಿರದ ನೋಟದ ತುಣುಕಿನಲ್ಲಿ ಸೂಜಿ ಹುಡುಕಲು ಗದ್ದ ಎತ್ತುವುದು ಇನ್ನೊಂದು ಕಾಟ. ಹೊಲಿಗೆಗೆ ಬೇರೆಯೇ ಚಾಳೀಸ ಇದ್ದರೆ ವಾಸಿ. ಬೆಳಕೂ ಹೆಚ್ಚು ಬೇಕು, ಹರೆಯದವರಿಗೆ ಸಾಲುವ ಬಲ್ಬು ನಮಗೆ ಸಾಲದು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವ ಕೆಲಸವನ್ನು ಹಗಲಿಗೇ ಇಟ್ಟುಕೊಳ್ಳಿ.

ಕಣ್ಣಿನ ಪೊರೆ ತೆಗೆಸಿಕೊಂಡವರ ಅರೆಬರೆ ಜಂಪರ್‌ಗಳನ್ನು ಕೇಳದೆಯೇ ಎತ್ತಿಕೊಂಡು ಹೋಗಿ ಮುಗಿಸಿಕೊಟ್ಟ ನೆರೆಮನೆಯವರ ಉಪಕಾರ ದೊಡ್ಡದು. ಆಪರೇಷನ್ ಆದ ಮೊದಲ ವಾರಗಳಲ್ಲಿ ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು-ಧೂಳು ಸೋಕಬಾರದು. ಗಾಯ ಮಾಗಿ ಕಣ್ಣು ಒಂದು ಹದಕ್ಕೆ ಬಂದ ಮೇಲೆಯೇ ಹೊಸ ನಂಬರು. ಕೂರಿಸಿದ ಲೆನ್ಸು ಬಹುಮಟ್ಟಿಗೆ ದೂರದ ನೋಟಕ್ಕೇ ಇರುವುದರಿಂದ ಸೂಜಿಗೆ ಚಾಳೀಸ ಮತ್ತೆ ಬೇಕಾಗುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ "ಆಪರೇಷನ್ ಕೆಟ್ಟಿತು" ಎಂಬ ಗಾಬರಿ ಇರುವುದಿಲ್ಲ.

ದಾರ ಪೋಣಿಸಿಕೊಟ್ಟ ಸೊಸೆಯಂದಿರಿಗೆ ಒಂದು ನಮಸ್ಕಾರ, ಒಂದು ಕಿವಿಮಾತು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಮೇಲೆತ್ತಿಯೇ ಮೇಲಿನ ದಾರ ಹಾಕಿರಿ. ಫೂಟ್ ಇಳಿದಿದ್ದರೆ ಟೆನ್ಷನ್‌ನ (ದಾರ ಬಿಗಿ ಹಿಡಿಯುವ) ಎರಡು ಬಿಲ್ಲೆಗಳು ಬಿಗಿಯಾಗಿ ಕೂಡಿಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯದೆ ಮೇಲೇ ಜಾರುತ್ತದೆ. ಆಗ ಬಟ್ಟೆಯ ಅಡಿಗೆ ದಾರ ಗಂಟುಗಂಟಾಗಿ ಸಿಕ್ಕಿಕೊಳ್ಳುತ್ತದೆ. ಎಲ್ಲರೂ ಬೈಯುವುದು ಅಡಿಯ ದಾರದ ಬಾಬಿನ್ನನ್ನು, ತಪ್ಪು ಮೇಲಿನ ದಾರದ್ದು. ಸೂಜಿಯ ಒಂದು ಮಗ್ಗುಲಿಗೆ ಉದ್ದಕ್ಕೂ ಗೀರು ಇರುತ್ತದೆ, ದಾರ ಆ ಕಡೆಯಿಂದಲೇ ಕಣ್ಣಿಗೆ ಹೋಗಬೇಕು. ಹೊಲಿಗೆ ಬಿಟ್ಟುಬಿಟ್ಟು ಬಿದ್ದರೆ ಸೂಜಿ ಪೂರ್ತಿ ಮೇಲಕ್ಕೆ ಕೂತಿದೆಯೇ, ಸೊಟ್ಟಗಾಗಿದೆಯೇ ನೋಡಿ. ತೆಳು ಅಸ್ತರಕ್ಕೆ 11, ಜಂಪರ್‌ನ ಹತ್ತಿ ಬಟ್ಟೆಗೆ 14, ಯೂನಿಫಾರ್ಮಿನ ದಪ್ಪ ಪ್ಯಾಂಟಿಗೆ 16 ನಂಬರಿನ ಸೂಜಿ. ಇಷ್ಟು ಬದಲಿಸುವ ಬೇಸರಕ್ಕೆ ಎಲ್ಲಕ್ಕೂ ಒಂದೇ ಸೂಜಿ ಹಾಕಿ ಮಷೀನಿನ ಹೆಸರು ಕೆಡಿಸುವವರೇ ಹೆಚ್ಚು.

ಮಂಡಿ ನೋವಿನವರ ಕಾಲ್ಮಷೀನುಗಳಿಗೆ ಮೋಟರ್ ಕೂಡಿಸಿಕೊಟ್ಟ ರಿಪೇರಿ ಮಾಮಾನಿಗೆ ಶರಣು. ಹಳೆಯ ಚರ್ಮದ ಬೆಲ್ಟನ್ನು ಒಯ್ಯದೆ ಮಷೀನಿನ ಪಕ್ಕಕ್ಕೇ ನೇತುಹಾಕಿ ಹೋದದ್ದಕ್ಕೆ ಇನ್ನೊಂದು ಶರಣು. ಕರೆಂಟು ಹೋದಾಗ ಮೋಟರಿನ ರಬ್ಬರ್ ಬೆಲ್ಟ್ ಕಳಚಿ ಅದನ್ನೇ ಹಾಕಿಕೊಳ್ಳುತ್ತೇವೆ. ಚರ್ಮ ಸಡಿಲಾಗಿ ಜಾರಿದರೆ ಅರ್ಧ ಇಂಚು ಕತ್ತರಿಸಿ, ಹೊಸ ತೂತಿಗೆ ಕೊಂಡಿ ಹಾಕಿದರಾಯಿತು. ಮೋಟರಿನ ಪೆಡಲ್ ನುಣ್ಣನೆಯ ಫರಸಿಯ ಮೇಲೆ ಮುಂದಕ್ಕೆ ಜಾರುತ್ತದೆ, ಕೆಳಗೆ ರಬ್ಬರ್ ಮ್ಯಾಟಿನ ತುಂಡು ಹಾಕಿ. ಎಣ್ಣೆಯ ತೂತುಗಳಿಗೆ ಮಷೀನಿನ ಎಣ್ಣೆ ಒಂದೊಂದೇ ಹನಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅಂಟಾಗಿ ಕೂಡುತ್ತದೆ.

ಗುಂಡುಪಿನ್ನು ಹೆಕ್ಕುವ ಅಯಸ್ಕಾಂತ ತಂದುಕೊಟ್ಟವರನ್ನು ಮರೆತರೆ ತಪ್ಪಾದೀತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಪಿನ್ನು ಚುಚ್ಚಿದ್ದೇ ತಿಳಿಯುವುದಿಲ್ಲ, ಗಾಯ ಬಲಿತ ಮೇಲೆ ತಿಳಿಯುತ್ತದೆ. ಕಸ ಹೊಡೆಯುವ ಮೊದಲು ಒಂದು ಸಲ ಅಯಸ್ಕಾಂತ ಆಡಿಸಿ. ಕೂತಲ್ಲೂ ಚಪ್ಪಲಿ ಇರಲಿ.

ಕೊನೆಗೆ, "ನಾಳೆ ಬರ್ರಿ" ಎಂದು ನಾವು ಹೇಳಿದರೆ ಮುಖ ಗಂಟುಹಾಕದೆ ನಕ್ಕು ಹೋದ ಗಿರಾಕಿಗಳಿಗೆ. ಪಂಚಮಿಯ ಬಟ್ಟೆ ಈಗಲೇ ಕೊಡುವವರು ಅಸ್ತರವನ್ನೂ ಹತ್ತಿಯ ಫಾಲನ್ನೂ ರಾತ್ರಿ ನೀರಲ್ಲಿ ನೆನೆಹಾಕಿ, ಹಿಂಡದೆ ಒಣಗಿಸಿ ತನ್ನಿ. ನೆನೆಸದೆ ಹಾಗೆಯೇ ಹೊಲಿದರೆ ಮೊದಲ ಒಗೆತಕ್ಕೇ ಅವು ಸೇದಿಕೊಂಡು ಸೀರೆಯ ಅಂಚು ನೆರಿಗೆಗಟ್ಟುತ್ತದೆ. ಜಂಪರಿನ ಬಟ್ಟೆ ಖಣ ಆದರೆ ಅಂಚಿನ ಎಳೆ ಬಹಳ ಬಿಡುತ್ತದೆ, ಅದಕ್ಕೆ ಒಳಗೆ ಬಟ್ಟೆ ಹೆಚ್ಚು ಬಿಡಬೇಕು. ಪನ್ನವೂ (ಬಟ್ಟೆಯ ಅಗಲವೂ) ಸಣ್ಣದು, ಉದ್ದ ತೋಳು ಬೇಕಿದ್ದರೆ ಕೊಳ್ಳುವ ಮೊದಲೇ ಕೇಳಿಕೊಂಡು ಹೋಗ್ರಿ. ಅಳತಿಗೆ ಹಳೇ ಜಂಪರ್ ತರೂದು ಮರೀಬ್ಯಾಡ್ರಿ.