ರೈಟ್ ಹೇಳುವ ಮುಂಚೆ ಸೀಟು ಬಿಡಿಸಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರ.

ನಾನು ಕೊಡಗಿನ ಮೂರ್ನಾಡಿನವನು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲಿನ ಬಲ ಹೋಯಿತು. ಮಡಿಕೇರಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಇಪ್ಪತ್ತೆರಡು ವರ್ಷದಿಂದ ದಿನಾ ಬಸ್ಸಿನಲ್ಲೇ ಓಡಾಟ. ನಮ್ಮ ಜಿಲ್ಲೆಗೆ ರೈಲಿಲ್ಲ, ದಿನಾ ಆಟೊ ಹಿಡಿಯುವಷ್ಟು ಸಂಬಳವೂ ಇಲ್ಲ. ಬಸ್ಸೇ ಗತಿ.

ಇಷ್ಟು ವರ್ಷ ನುಂಗಿಕೊಂಡೆ. ಹೋದ ಶುಕ್ರವಾರ ಆಗಿದ್ದನ್ನು ನುಂಗಲು ಆಗಲಿಲ್ಲ.

ಶುಕ್ರವಾರ ಮಡಿಕೇರಿ ಸಂತೆ. ಬಸ್ಸು ಬರುವಾಗಲೇ ತುಂಬಿತ್ತು. ಮೇಲಿನಿಂದ ಮಳೆ, ನಮ್ಮ ಕಡೆಯ ಮಳೆ ಗೊತ್ತಲ್ಲ. ಕೋಲು ಮೊದಲು ಒಳಗಿಟ್ಟು, ಕಂಬಿ ಹಿಡಿದು, ಮೈಯನ್ನು ಎಳೆದುಕೊಂಡು ಹತ್ತಿದೆ. ಕಿಟಕಿ ಮೇಲೆ ‘ಅಂಗವಿಕಲರಿಗೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಮೂವತ್ತರ ಗಟ್ಟಿಮುಟ್ಟಾದ ಒಬ್ಬ ಫೋನ್ ನೋಡುತ್ತಾ ಕೂತಿದ್ದ.

“ಸ್ವಲ್ಪ ಜಾಗ ಕೊಡ್ತೀರಾ?” ಎಂದೆ.

“ಕಾರ್ಡ್ ಇದ್ಯಾ?”

ಕಾರ್ಡ್ ಇದೆ. ಚೀಲದ ತಳದಲ್ಲಿ, ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಂಬಿ. ತೆಗೆಯೋಕೆ ಮೂರನೇ ಕೈ ಎಲ್ಲಿಂದ ತರಲಿ?

“ನೋಡೋಕೆ ಸರಿಯಾಗೇ ಇದ್ದೀರಲ್ಲ. ಪ್ಯಾಂಟ್ ಎತ್ತಿ ತೋರ್ಸಿ, ಎದ್ದೇಳ್ತೀನಿ.”

ಹಿಂದೆ ಯಾರೋ ನಕ್ಕರು. ನಾನು ಕಂಬಿ ಬಿಟ್ಟು, ಸೀಟಿಗೆ ಒರಗಿ ನಿಂತು, ಅಷ್ಟು ಜನರ ಮುಂದೆ ಪ್ಯಾಂಟ್ ಎತ್ತಿ ತೋರಿಸಿದೆ. ಐವತ್ತು ದಾಟಿದವನು ನಾನು. ಅವನು ನೋಡಿದ. “ಮುಂದಿನ ಸ್ಟಾಪಲ್ಲಿ ಇಳೀತೀನಿ” ಎಂದು ಮತ್ತೆ ಫೋನಿಗೆ ತಲೆ ಹಾಕಿದ. ಅವನ ಮುಂದಿನ ಸ್ಟಾಪ್ ಮಡಿಕೇರಿ.

ಕಂಡಕ್ಟರ್ ಪಕ್ಕದಲ್ಲೇ ಇದ್ದರು. “ನಾವೇನ್ ಮಾಡೋದು ಸಾರ್, ಪಬ್ಲಿಕ್ ಅಲ್ವಾ” ಎಂದು ಸೀಟಿ ಊದಿ ರೈಟ್ ಹೇಳಿದರು.

ನನ್ನ ಕಾಲಿಗೆ ಕ್ಯಾಲಿಪರ್ ಇದೆ. ಎರಡು ಕಡೆ ಕಬ್ಬಿಣದ ಪಟ್ಟಿ, ನಡುವೆ ಚರ್ಮದ ಬೆಲ್ಟು, ಮಂಡಿ ಹತ್ತಿರ ಲಾಕ್. ನಿಲ್ಲಬೇಕಾದರೆ ಲಾಕ್ ಹಾಕಲೇಬೇಕು. ಹಾಕಿದ ಮೇಲೆ ಮಂಡಿ ಬಗ್ಗುವುದಿಲ್ಲ. ತಿರುವಿನಲ್ಲಿ ನೀವೆಲ್ಲ ಮಂಡಿ ಸ್ವಲ್ಪ ಬಗ್ಗಿಸಿ ತೂಗಿಕೊಳ್ಳುತ್ತೀರಿ. ನಾನು ನೆಟ್ಟ ಕಂಬದ ಹಾಗೆ ಬೀಳುತ್ತೇನೆ. ಮಡಿಕೇರಿ ರಸ್ತೆಯಲ್ಲಿ ತಿರುವು ಎಷ್ಟಿವೆ ಎಂದು ನಾನು ಹೇಳಬೇಕಾ? ಮಳೆಗಾಲದಲ್ಲಿ ಆ ಬೆಲ್ಟು ನೆನೆದರೆ ರಾತ್ರಿಯಿಡೀ ಒಲೆ ಪಕ್ಕ ಇಟ್ಟರೂ ಒಣಗುವುದಿಲ್ಲ, ಬೆಳಿಗ್ಗೆ ಅದನ್ನೇ ಬಿಗಿಯಬೇಕು. ಅದು ಬಿಡಿ, ನಿಮ್ಮ ಖಾತೆಯ ವಿಷಯ ಅಲ್ಲ.

ಮೇಕೇರಿ ಹತ್ತಿರ ಬಿದ್ದೆ. ಒಬ್ಬ ಅಜ್ಜಿಯ ಸೊಪ್ಪಿನ ಬುಟ್ಟಿ ಮೇಲೆ. ಅವರಿಗೆ ಎಪ್ಪತ್ತರ ಮೇಲಿರಬೇಕು. ಬೈಯಲಿಲ್ಲ. “ಬಾ ಮಗ, ಕೂರು” ಎಂದು ಎದ್ದು ನಿಂತರು. ನಾನು ಕೂತೆ. ಕೂತೆ ಎನ್ನುವ ನಾಚಿಕೆ ಇನ್ನೂ ಹೋಗಿಲ್ಲ.

ಹೆಂಗಸರಿಗೆ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆಯಿಂದ ಹೀಗಾಯಿತು ಎಂದು ಕೆಲವರು ನನ್ನನ್ನು ಸಮಾಧಾನ ಮಾಡುತ್ತಾರೆ. ಸುಮ್ನೆ ಮಾತು. 2023ರ ಜೂನ್‌ಗಿಂತ ಮುಂಚೆಯೂ ನಾನು ನಿಂತೇ ಹೋಗುತ್ತಿದ್ದೆ. ನನಗೆ ಎದ್ದು ಜಾಗ ಕೊಟ್ಟವರಲ್ಲಿ ಹೆಂಗಸರೇ ಜಾಸ್ತಿ.

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ನಾಲ್ಕು ಜನರ ಮುಂದೆ ಬೇಕೆಂದೇ ನಮ್ಮನ್ನು ಅವಮಾನಿಸಿದರೆ ಕನಿಷ್ಠ 6 ತಿಂಗಳು, ಹೆಚ್ಚೆಂದರೆ 5 ವರ್ಷ ಜೈಲು ಎಂದು 92ನೇ ಸೆಕ್ಷನ್ ಹೇಳುತ್ತದೆ. ನಾನು ಯಾರನ್ನೂ ಜೈಲಿಗೆ ಹಾಕಿಸಲು ಬಂದಿಲ್ಲ ಸ್ವಾಮಿ. ನನಗೆ ಬೇಕಾಗಿರುವುದು ಮುಕ್ಕಾಲು ಗಂಟೆ ಕೂರಲು ಒಂದು ಸೀಟು. ರೈಟ್ ಹೇಳುವ ಮುಂಚೆ ಸೀಟು ಬಿಡಿಸಿ, ಅಷ್ಟೇ.

ಅಂಗವಿಕಲ ಎನ್ನುತ್ತಿದ್ದಿರಿ, ವಿಕಲಚೇತನ ಮಾಡಿದಿರಿ, ಈಗ ದಿವ್ಯಾಂಗ. ಹೆಸರು ಎರಡು ಸಲ ಬದಲಾಯಿತು. ದಿವ್ಯಾಂಗ ಎಂದು ಕರೆಸಿಕೊಂಡು ನಿಂತೇ ಹೋಗುವುದಕ್ಕಿಂತ, ಕುಂಟ ಎಂದು ಕರೆದರೂ ಪರವಾಗಿಲ್ಲ, ಕೂರಿಸಿ.

‘ಪಬ್ಲಿಕ್ ಅಲ್ವಾ’ ಎಂಬ ಉತ್ತರ ನನಗೆ ಬೇಡ. ಟಿಕೆಟ್ ತೆಗೆಯದ ಪಬ್ಲಿಕ್ಕನ್ನು ಕಂಡಕ್ಟರ್ ಬಸ್ ನಿಲ್ಲಿಸಿ ಇಳಿಸುತ್ತಾರೆ, ಆಗ ಬಾಯಿ ಬರುತ್ತದೆ. ಹಾಗೇ ಈ ಸೀಟಿಗೂ ಬಾಯಿ ಬರಲಿ. ಕಾರ್ಡ್ ನೋಡುವುದು ಕಂಡಕ್ಟರ್ ಕೆಲಸ, ಪಕ್ಕದ ಪ್ರಯಾಣಿಕನದಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ. ಸರ್ಕಾರಿ ಬಸ್ಸಾಗಲಿ, ಖಾಸಗಿ ಬಸ್ಸಾಗಲಿ, ರೈಟ್ ಹೇಳುವ ಮುಂಚೆ ಆ ಸೀಟು ಬಿಡಿಸಲಿ.

ಬರುವ ಶುಕ್ರವಾರವೂ ಸಂತೆ ಇದೆ. ಬೆಳಿಗ್ಗೆ ಎಂಟೂವರೆಗೆ ಮೂರ್ನಾಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಕಾರ್ಡನ್ನು ಈ ಸಲ ಅಂಗಿ ಜೇಬಿಗೆ ಹಾಕಿಕೊಂಡಿರುತ್ತೇನೆ.

ಇತಿ,
ಮೂರ್ನಾಡಿನ ಒಬ್ಬ ಪ್ರಯಾಣಿಕ