ರೇಡಿಯೊದಲ್ಲಿ ಕೇಳಿದ ಆ ದನಿಗಳಿಗೆ

ಕಳೆದ ಶನಿವಾರ ನಮ್ಮ ದೋಣಿ ಅಮೆರಿಕದ ದಕ್ಷಿಣ ತೀರದ ಮೊಬೀಲ್ ಕೊಲ್ಲಿ ಮುಟ್ಟಿತು. ಟೆನೆಸ್ಸೀ ನದಿಯ ಪಿಕ್‌ವಿಕ್ ಜಲಾಶಯದಿಂದ ಸುಮಾರು 720 ಕಿಲೋಮೀಟರ್, ಹನ್ನೆರಡು ಲಾಕ್‌ಗಳು, ಅಂದರೆ ದೋಣಿಯನ್ನು ಒಳಗೆ ನಿಲ್ಲಿಸಿಕೊಂಡು ನೀರು ಏರಿಸಿ ಇಳಿಸುವ ಗೇಟುಗಳ ತೊಟ್ಟಿಗಳು. ಒಂದೂವರೆ ವರ್ಷದ ಹಿಂದೆ ಯಜಮಾನರಿಗೆ ಬೈಪಾಸ್ ಆದಾಗ ದೋಣಿಯನ್ನು ಮಾರಿಬಿಡೋಣ ಎಂದವಳು ನಾನೇ. ಅವಸರ ಬೇಡವೆಂದ ವೈದ್ಯರಿಗೂ ಮೂರು ವಾರ ಸಾರು, ಪಲ್ಯ ಹೊತ್ತು ತಂದ ಹಂಟ್ಸ್‌ವಿಲ್‌ನ ಕನ್ನಡದ ಮನೆಗಳಿಗೂ ಎದುರಿಗೇ ಕೈಮುಗಿದಿದ್ದೇನೆ. ಈ ಬರಹ ನಾನು ಮುಖವನ್ನೇ ನೋಡದ ಇಬ್ಬರಿಗೆ.

ಅದು ಮೊದಲ ದಿನ. 90 ಕಿಲೋಮೀಟರ್ ದಾರಿ, ಚುಕ್ಕಾಣಿ ನನ್ನ ಕೈಯಲ್ಲಿ. ಟೆನೆಸ್ಸೀ, ಟಾಂಬಿಗ್ಬೀ ನದಿಗಳ ನಡುವಿನ ದಿಣ್ಣೆಯನ್ನು ಸೀಳಿ ತೋಡಿದ ಕಾಲುವೆ. ಸಂಚಾರಕ್ಕೆ ತೆರೆದದ್ದು 1985ರಲ್ಲಿ. ತಳದ ಅಗಲ 280 ಅಡಿ. ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಎದುರಿನಿಂದ ಸರಕಿನ ಬಾರ್ಜ್‌ಗಳ ಸಾಲನ್ನು ತಳ್ಳಿಕೊಂಡು ಟೋಬೋಟ್ ಬರುತ್ತಿದೆಯೆಂದು ರೇಡಿಯೊದಲ್ಲಿ ತಿಳಿದಾಗ ನನ್ನ ಬಾಯಿ ಒಣಗಿತು. ಅದರ ಚಾಲಕರು 'ಒನ್ ವಿಷಲ್' ಎಂದರು, ಅಂದರೆ ಇಬ್ಬರೂ ಬಲಕ್ಕೆ ಸರಿದು ಎಡಬದಿಗೆ ಎಡಬದಿಯಾಗಿ ಹಾಯುವುದು. ಅಷ್ಟಕ್ಕೇ ಬಿಡದೆ, ನಾವು ದಾಟುವವರೆಗೂ ವೇಗ ತಗ್ಗಿಸಿ, ನಿಧಾನವಾಗಿ ಮಾತನಾಡಿಸುತ್ತಲೇ ಇದ್ದರು. ಅಷ್ಟು ಭಾರವನ್ನು ತಳ್ಳುವವರಿಗೆ ವೇಗ ತಗ್ಗಿಸುವುದು ಸಣ್ಣ ಮಾತಲ್ಲ.

ಮಧ್ಯಾಹ್ನ ವ್ಹಿಟನ್ ಲಾಕ್. 84 ಅಡಿ ಇಳಿಯಬೇಕು. ಗೋಡೆಯಲ್ಲಿ ನೀರಿನೊಂದಿಗೇ ಇಳಿಯುವ ತೇಲುಗೂಟಗಳಿವೆ. ಒಂದಕ್ಕೆ ಹಗ್ಗ ಸುತ್ತಿ ತುದಿಯನ್ನು ಕೈಯಲ್ಲೇ ಹಿಡಿದಿರಬೇಕು, ಗಂಟು ಹಾಕುವಂತಿಲ್ಲ. ಗಾಳಿಗೆ ದೋಣಿ ಓರೆಯಾಗಿ ಎರಡು ಸಲ ಗೂಟ ತಪ್ಪಿತು. ಹಿಂದೆ ಇನ್ನೂ ಮೂರು ದೋಣಿಗಳು ಕಾಯುತ್ತಿದ್ದವು. ಆಗ ಮೇಲಿನಿಂದ ಲಾಕ್ ನಿರ್ವಾಹಕರ ದನಿ: "ಅವಸರವಿಲ್ಲ ಮೇಡಂ, ನೀವು ಹೇಳುವವರೆಗೂ ನಾನು ವಾಲ್ವ್ ತೆರೆಯುವುದಿಲ್ಲ." ಮೂರನೆಯ ಸಲ ಯಜಮಾನರು ಹಗ್ಗ ಸುತ್ತಿದರು. ಆಪರೇಷನ್ ಆದ ಮೇಲೆ ಕಾಫಿ ಲೋಟ ಹಿಡಿಯಲೂ ನಡುಗಿದ್ದ ಕೈ ಅದು. ಅಂದು ನಡುಗಲಿಲ್ಲ.

ನೀರು ಇಳಿಯತೊಡಗಿತು. ತೇಲುಗೂಟ ಕಿರ್‌ರ್ ಎಂದು ನಮ್ಮಜ್ಜಿ ಮನೆಯ ಬಾವಿಯ ರಾಟೆಯಂತೆಯೇ ಕೂಗಿತು. ಒದ್ದೆ ಗೋಡೆ, ಪಾಚಿಯ ವಾಸನೆ, ತಲೆಯ ಮೇಲೆ ಪಟ್ಟಿಯಷ್ಟೇ ಆಕಾಶ. ಕೊಡದೊಳಗೆ ಕುಳಿತು ಬಾವಿಗೆ ಇಳಿದಂತಿತ್ತು. ಗೇಟು ತೆರೆದಾಗ ಎದುರಿಗೆ ಬಿಸಿಲು. ಆ ಪುಣ್ಯಾತ್ಮರು ಮುಂದಿನ ಲಾಕ್‌ಗೂ ಫೋನ್ ಮಾಡಿ ನಾವು ಬರುವ ಸುದ್ದಿ ಮುಟ್ಟಿಸಿದ್ದರು. ನಾವು ತಲುಪುವ ಹೊತ್ತಿಗೆ ಗೇಟು ತೆರೆದೇ ಇತ್ತು. ಇದಕ್ಕೆಲ್ಲ ನಮ್ಮಂಥ ದೋಣಿಯವರಿಂದ ಒಂದು ಕಾಸೂ ಕೇಳುವುದಿಲ್ಲ.

ರೇಡಿಯೊದಲ್ಲಿ 'ಥ್ಯಾಂಕ್ಯೂ' ಎಂದೆ. ನನಗೆ ಅದು ಸಾಲಲಿಲ್ಲ, ಅದಕ್ಕೇ ಇಲ್ಲಿ ನನ್ನ ಭಾಷೆಯಲ್ಲಿ ಮತ್ತೆ ಹೇಳುತ್ತಿದ್ದೇನೆ: ನೀವಿಬ್ಬರೂ ತಣ್ಣಗಿರಿ, ನಿಮ್ಮ ಮನೆ ಮಕ್ಕಳು ಚೆನ್ನಾಗಿರಲಿ.

ವಸಂತದಲ್ಲಿ ಇದೇ ದಾರಿಯಲ್ಲಿ ಮೇಲಕ್ಕೆ ಬರುತ್ತೇವೆ. ವ್ಹಿಟನ್‌ನಲ್ಲಿ ಅಂದು ನಿಮ್ಮದೇ ಪಾಳಿಯಿದ್ದರೆ ಒಮ್ಮೆ ಕೆಳಗೆ ಬಗ್ಗಿ ನೋಡಿ. ಕೆಂಪು ಟೋಪಿ ಹಾಕಿಕೊಂಡು ಹಗ್ಗ ಹಿಡಿದು ನಿಂತವರು ನಮ್ಮ ಯಜಮಾನರು.