ಬಲೆ ಹಾಕುವ ಮುಂಚೆ ಬೆರಳು ತೂರಿಸಿ ನೋಡಿ

ಮಾನ್ಯ ಸಂಪಾದಕರೇ,

ಬಿಸಿಲು ಏರುತ್ತಿದ್ದಂತೆ ಹಿತ್ತಿಲು ಇರುವವರ ದೂರು ಶುರುವಾಗುತ್ತದೆ. ಹಣ್ಣೆಲ್ಲ ಹಕ್ಕಿ ಕುಕ್ಕಿತು, ಗಿಡದ ಬುಡವನ್ನು ಯಾವುದೋ ಕೆದಕಿ ಹಾಕಿದೆ, ನೀರಿನ ತೊಟ್ಟಿ ಹತ್ತಿರ ಹಾವು ಕಂಡಿತು. ಅದಕ್ಕೆ ಸಿಗುವ ಸಲಹೆಗಳೂ ಪ್ರತಿ ವರ್ಷ ಅವೇ: ಬಲೆ ಕಟ್ಟಿ, ಇಲಿ ಪಾಷಾಣ ಇಡಿ, ತರಗೆಲೆ ಗುಡಿಸಿ ಬೆಂಕಿ ಹಾಕಿ. ಈ ಮೂರರ ಬಗ್ಗೆಯೂ ನನ್ನ ತಕರಾರಿದೆ, ಬಲೆಯ ಬಗ್ಗೆಯಂತೂ ಜಾಸ್ತಿ.

ಈ ಹಕ್ಕಿ, ಪ್ರಾಣಿಗಳು ಹಿತ್ತಿಲಿಗೆ ಸುಮ್ನೆ ಬರುವುದಿಲ್ಲ. ಸುತ್ತಲಿನ ಹಳ್ಳ, ಗುಂಡಿಗಳು ಒಣಗಿದಾಗ ನಾವು ದಿನಾ ನೀರು ಹಾಯಿಸುವ ಹಿತ್ತಿಲು ಮಾತ್ರ ಹಸಿರಾಗಿರುತ್ತದೆ. ಹಕ್ಕಿಗೆ ಬೆವರೋ ಶಕ್ತಿ ಇಲ್ಲ, ಮಧ್ಯಾಹ್ನ ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಾ ಕೂತಿರುತ್ತದಲ್ಲ, ಹಾಗೆ ಉಸಿರಲ್ಲೇ ನೀರು ಕಳೆದುಕೊಂಡು ಮೈ ತಣ್ಣಗೆ ಮಾಡಿಕೊಳ್ಳಬೇಕು. ಜೇನುಹುಳಗಳು ನೀರು ಹೊತ್ತುಕೊಂಡು ಹೋಗಿ ಗೂಡಿನೊಳಗೆ ಹರಡಿ, ರೆಕ್ಕೆ ಬೀಸಿ ತಂಪು ಮಾಡುತ್ತವೆ. ಜೊತೆಗೆ ಎಷ್ಟೋ ಹಕ್ಕಿಗಳಿಗೆ ಇದು ಗೂಡು ಕಟ್ಟುವ ಕಾಲ. ಟುವ್ವಿ ಹಕ್ಕಿ ಅಗಲವಾದ ಎಲೆಯ ಅಂಚಿನುದ್ದಕ್ಕೂ ಕೊಕ್ಕಿನಿಂದ ತೂತು ಮಾಡಿ, ಅದರಲ್ಲಿ ಜೇಡರ ನೂಲನ್ನೋ ಹತ್ತಿಯನ್ನೋ ತೂರಿಸಿ ಎಲೆಯನ್ನು ಚೀಲದ ಹಾಗೆ ಹೊಲಿಯುತ್ತದೆ. ಎಲೆ ಇನ್ನೂ ಗಿಡದಲ್ಲೇ ಹಸಿರಾಗಿರುವುದರಿಂದ ಎದುರಿಗೇ ನಿಂತರೂ ಗೂಡು ಗೊತ್ತಾಗುವುದಿಲ್ಲ. ಬೇಲಿ ಕತ್ತರಿಸುವಾಗ ಮೊದಲು ಹೋಗುವುದು ಇಂಥ ಗೂಡುಗಳೇ. ಹಣ್ಣು ಕುಕ್ಕುತ್ತದೆ ಅಂತ ನಾವು ಓಡಿಸುವ ಪಿಕಳಾರ ತನ್ನ ಮರಿಗೆ ಕಂಬಳಿಹುಳ, ಕೀಟಗಳನ್ನು ಹಿಡಿದು ತಂದು ತಿನ್ನಿಸುತ್ತದೆ. ಮೊಟ್ಟೆ ಇಟ್ಟು ಮರಿ ಹಾರಿ ಹೋಗುವವರೆಗೆ ಹೆಚ್ಚು ಕಡಿಮೆ ಒಂದು ತಿಂಗಳು. ಅಷ್ಟು ದಿನ ಕತ್ತರಿ ಪಕ್ಕಕ್ಕಿಟ್ಟರೆ ಬೇಲಿಗೇನೂ ಆಗುವುದಿಲ್ಲ.

ಈಗ ಬಲೆಯ ವಿಷಯ. ಮರದ ಮೇಲೆ ಸಡಿಲವಾಗಿ ಹೊದಿಸುವ ತೆಳು ನೈಲಾನ್ ಬಲೆ ಇದೆಯಲ್ಲ, ಅದು ಹಣ್ಣು ಕಾಯುವುದಕ್ಕಿಂತ ಜಾಸ್ತಿ ಜೀವ ತೆಗೆಯುತ್ತದೆ. ಬಾವಲಿಗೆ, ಹಕ್ಕಿಗೆ ಆ ಎಳೆ ಕಾಣುವುದೇ ಕಷ್ಟ. ಕಾಲೋ ರೆಕ್ಕೆಯೋ ಸಿಕ್ಕಿಕೊಂಡರೆ ಒದ್ದಾಡಿದಷ್ಟೂ ಬಿಗಿಯಾಗುತ್ತದೆ. ನೆಲಕ್ಕೆ ಜೋತುಬಿದ್ದ ಬಲೆಯಲ್ಲಿ ಹಾವಿನ ಪಾಡು ಇನ್ನೂ ಕೆಟ್ಟದ್ದು. ತಲೆ ತೂರಿಸಿ ಮುಂದೆ ಹೋಗುತ್ತದೆ, ದಪ್ಪ ಭಾಗ ಬಂದಾಗ ನಿಲ್ಲುತ್ತದೆ, ಹಿಂದಕ್ಕೆ ಬರೋಣ ಅಂದರೆ ಹೊಟ್ಟೆಯ ಹುರುಪೆಗಳಿಗೆ ಎಳೆ ಸಿಕ್ಕಿ ಬಿಡುವುದಿಲ್ಲ. ಎಳೆ ಚರ್ಮದೊಳಕ್ಕೇ ಕೊಯ್ದುಕೊಂಡು ಬಿಸಿಲಲ್ಲಿ ಬಿದ್ದಿರುತ್ತದೆ. ಹೀಗೆ ಸಾಯುವವುಗಳಲ್ಲಿ ಕೇರೆ ಹಾವೂ ಒಂದು. ವಿಷವಿಲ್ಲದ, ಇಲಿ ಹಿಡಿಯುವ ಹಾವು ಅದು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಲೆ ಬೇಡವೇ ಬೇಡ ಅನ್ನುತ್ತಿಲ್ಲ. ವರ್ಷವಿಡೀ ಸಾಕಿದ ಗಿಡದ ಹಣ್ಣು ಮನೆಯವರಿಗೂ ಬೇಕು, ಅಲ್ವಾ? ಆದರೆ ಕಣ್ಣು ಸಣ್ಣದಿರುವ ಬಲೆ ತನ್ನಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರಿಂದ ಮನೆಯ ಹಣ್ಣಿನ ಗಿಡಕ್ಕೆ ಹಾಕುವ ಬಲೆಯ ಕಣ್ಣು, ಪೂರ್ತಿ ಎಳೆದು ಹಿಡಿದಾಗಲೂ 5 ಮಿಲಿಮೀಟರ್ ಮೀರುವಂತಿಲ್ಲ ಅಂತ ಕಾನೂನೇ ಇದೆ. ಅಲ್ಲಿನವರು ಹೇಳುವ ಪರೀಕ್ಷೆ ಸುಲಭ: ಬೆರಳು ತೂರಿದರೆ ಆ ಬಲೆ ಬೇಡ. ಹಾಕಿದ ಮೇಲೆ ಬಿಗಿಯಾಗಿ ಕಟ್ಟಿ, ಬೆಳಿಗ್ಗೆ ಸಂಜೆ ಒಮ್ಮೆ ಸುತ್ತ ನೋಡಿ ಬನ್ನಿ. ಅದಕ್ಕಿಂತ ಒಳ್ಳೇದು, ಕೈಗೆ ಎಟುಕುವ ಗೊಂಚಲುಗಳಿಗೆ ಮಾತ್ರ ಬಟ್ಟೆ ಚೀಲ ಕಟ್ಟಿ ತುದಿಯ ಹಣ್ಣನ್ನು ಹಕ್ಕಿ, ಅಳಿಲುಗಳಿಗೆ ಬಿಟ್ಟುಬಿಡುವುದು.

ಪಾಷಾಣದ ಕಥೆಯೂ ಹೀಗೇ. ಬ್ರೊಮಡಿಯೊಲೋನ್‌ನಂಥ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡಿಕೊಂಡಿರುತ್ತದೆ, ಸುಲಭವಾಗಿ ಗೂಬೆಯ ಬಾಯಿಗೆ ಬೀಳುತ್ತದೆ. ಆಮೇಲೆ ಗೂಬೆಯ ಮೈಯಲ್ಲೂ ಅದೇ ವಿಷ. ಇಲಿ ಹಿಡಿಯುವವರನ್ನೇ ಕೊಂದು ಇಲಿ ಕಡಿಮೆ ಆಗಲಿ ಅಂದರೆ ಹೇಗೆ? ಬೋನು ಇಡಿ, ಕಾಳುಕಡ್ಡಿಯನ್ನು ಡಬ್ಬಿಯಲ್ಲಿ ಮುಚ್ಚಿಡಿ. ತರಗೆಲೆಯನ್ನು ಸುಡುವ ಬದಲು ಗಿಡದ ಬುಡಕ್ಕೆ ಹಾಕಿದರೆ ನೆಲದ ತೇವ ಉಳಿಯುತ್ತದೆ, ಕಪ್ಪೆಗೂ ತಂಪು ಜಾಗ ಸಿಗುತ್ತದೆ.

ನೀರು ಇಡುವವರಿಗೂ ಒಂದು ಮಾತು. ಆಳದ ಪಾತ್ರೆ ಬೇಡ, ಅಗಲವಾದ ತಟ್ಟೆ ಸಾಕು. ಅದರಲ್ಲಿ ನಾಲ್ಕು ಕಲ್ಲು ಹಾಕಿ, ಜೇನುಹುಳ ಕೂತು ಕುಡಿಯಲಿ. ದಿನಾ ತಟ್ಟೆ ಉಜ್ಜಿ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ತೊಟ್ಟಿ, ಡ್ರಮ್‌ಗಳಿಗೆ ಒಂದು ಒರಟು ಹಲಗೆ ಓರೆಯಾಗಿ ಇಳಿಬಿಡಿ. ಒಳಗೆ ಬಿದ್ದ ಅಳಿಲು, ಓತಿಕ್ಯಾತ ಅದನ್ನು ಹತ್ತಿ ಹೊರಗೆ ಬರುತ್ತವೆ. ಆದರೆ ಕೋತಿಗೆ, ದೊಡ್ಡ ಪ್ರಾಣಿಗಳಿಗೆ ಕೈಯಾರೆ ತಿನ್ನಿಸುವ ಅಭ್ಯಾಸ ಮಾತ್ರ ಬೇಡ. ಮನುಷ್ಯರ ಭಯ ಹೋದ ಪ್ರಾಣಿಗೆ ಕೊನೆಗೆ ಏಟು ತಪ್ಪುವುದಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ತೋಟಗಾರಿಕೆ ಪುಟದಲ್ಲಿ ಹಣ್ಣಿಗೆ ಬಲೆ ಹಾಕಿ ಅಂತ ಬರೆಯುವಾಗಲೆಲ್ಲ ಎಷ್ಟು ಕಣ್ಣಿನ ಬಲೆ ಅನ್ನುವುದನ್ನೂ ಅದೇ ಸಾಲಿನಲ್ಲಿ ದಯವಿಟ್ಟು ಮುದ್ರಿಸಿ. ಬಲೆಯಲ್ಲಿ ಹಾವು ಸಿಕ್ಕಿದ್ದು ಕಂಡರೆ ಎಳೆಯಬೇಡಿ, ದೂರ ನಿಂತು ಉರಗ ರಕ್ಷಕರನ್ನು ಕರೆಯಿರಿ ಅಂತಲೂ ಸೇರಿಸಿ.

ಇಂತಿ,
ಹಿತ್ತಿಲಿರುವ ಒಬ್ಬ ಓದುಗ